ಬೇಸಿಗೆ, ಹುಲಿ, ಮನೆ: ಕಾರವಾರ–ಅಂಕೋಲೆಯ ಕಾಡಂಚಿನ ಸಂಸಾರಗಳಿಗೆ ಚರಿತ್ರೆ ಇಲ್ಲವೇ?

ಅಂಕೋಲೆಯ ಯಾವುದಾದರೂ ಕೊಪ್ಪಕ್ಕೆ ಹೋಗಿ, "ಈ ಮನೆ ಕಟ್ಟಿದ್ದು ಯಾವಾಗ?" ಎಂದು ಹಿರಿಯರನ್ನು ಕೇಳಿ ನೋಡಿ. ಇಸವಿ ಸಿಗುವುದಿಲ್ಲ. ಸಿಗುವುದು ಒಂದು ಬೇಸಿಗೆ. ಬಾವಿ ಪೂರಾ ಬತ್ತಿದ ವರ್ಷ, ಕೊಟ್ಟಿಗೆಯಿಂದ ಗಬ್ಬದ ದನವನ್ನು ಹುಲಿ ಎಳೆದ ವರ್ಷ, ಗುಡ್ಡಕ್ಕೆ ಬೆಂಕಿ ಬಿದ್ದು ಸೋಗೆಯ ಮನೆಗಳು ಉರಿದ ವರ್ಷ. ನಮ್ಮ ಕಡೆಯ ಜನ ಕಾಲವನ್ನು ನೆನಪಿಡುವುದೇ ಹೀಗೆ.

ಕಚೇರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಅಲ್ಲಿ ಇಸವಿ ಬೇಕು, ಸರ್ವೆ ನಂಬರು ಬೇಕು, ಮೊಹರು ಬೇಕು. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಎಷ್ಟೋ ಮನೆಗಳಲ್ಲಿ ಈಗ ಒಂದೇ ಮಾತು: "ನಮ್ಮ ಹತ್ತಿರ 75 ವರ್ಷದ ದಾಖಲೆ ಎಲ್ಲಿದೆ?"

ದಾಖಲೆ ಇದೆ ಎಂಬುದು ನಮ್ಮ ವಾದ. ಅದು ಕಾಗದದಲ್ಲಿ ಕಡಿಮೆ ಇರಬಹುದು. ಆದರೆ ಬಾವಿಯಲ್ಲಿದೆ, ಮಾವಿನ ಮರದಲ್ಲಿದೆ, ಹುಲಿದೇವರ ಕಲ್ಲಿನಲ್ಲಿದೆ, ಬೇಸಿಗೆ ದಾಟಿಸಲು ನಮ್ಮ ಅಜ್ಜ–ಅಜ್ಜಿಯರು ಮಾಡಿಕೊಂಡ ಏರ್ಪಾಡುಗಳಲ್ಲಿದೆ. ಆ ಚರಿತ್ರೆಯನ್ನು ಇಲ್ಲಿ ಒಂದು ಸಾರಿ ಹೇಳಿಕೊಳ್ಳೋಣ.

ಸಮುದ್ರ ಮತ್ತು ಘಟ್ಟದ ನಡುವೆ

ಕಾರವಾರ ಮತ್ತು ಅಂಕೋಲಾ ತಾಲೂಕುಗಳ ನೆಲ ಒಂದು ಸಣ್ಣ ಪಟ್ಟಿ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟ. ಕಾರವಾರದ ಪಾಲಿಗೆ ಕಾಳಿ ನದಿ, ಅಂಕೋಲೆಯ ಪಾಲಿಗೆ ಗಂಗಾವಳಿ. ಘಟ್ಟದ ಮೇಲೆ ಬೇಡ್ತಿ ಎನಿಸಿಕೊಂಡ ಹೊಳೆಯೇ ಕೆಳಗಿಳಿದು ಗಂಗಾವಳಿ ಆಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ನೆಲ ಅರಣ್ಯ. ಹಾಗಾಗಿ ಇಲ್ಲಿ ಎಷ್ಟೋ ಊರುಗಳಿಗೆ ಗದ್ದೆ ಮುಗಿದಲ್ಲೇ ಕಾಡು ಶುರು. ಮನೆಯ ಹಿತ್ತಲಿಗೂ ಕಾಡಿಗೂ ನಡುವೆ ಒಂದು ಮುಳ್ಳಿನ ಬೇಲಿ, ಅಷ್ಟೇ.

ಇಲ್ಲಿಯ ಸೆಕೆ ಬಯಲುಸೀಮೆಯ ಬಿಸಿಲಿನಂತಲ್ಲ. ರಾಯಚೂರು, ಕಲಬುರಗಿಯ ಕಡೆ 42 ಡಿಗ್ರಿ ಬಿಸಿಲಿದ್ದರೂ ನೆರಳಿಗೆ ಹೋದರೆ ಬೆವರು ಆರುತ್ತದೆ. ನಮ್ಮಲ್ಲಿ 36 ಡಿಗ್ರಿಗೇ ಜೀವ ಹೈರಾಣು. ಗಾಳಿಯಲ್ಲೇ ನೀರಿನ ಅಂಶ ತುಂಬಿರುವುದರಿಂದ ಮೈಯ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ಹವಾಮಾನ ಇಲಾಖೆಯೂ ಇದನ್ನು ಒಪ್ಪಿದೆ. ಬಿಸಿಗಾಳಿ ಎಂದು ಘೋಷಿಸುವ ವಿಚಾರ ಬರಬೇಕಾದರೆ ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37 ಡಿಗ್ರಿ ಸಾಕು, ಜೊತೆಗೆ ಅದು ಆ ದಿನದ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು.

ಈ ಲೆಕ್ಕ ಇಲಾಖೆಗೆ ತಿಳಿಯುವ ಎಷ್ಟೋ ಮೊದಲೇ ನಮ್ಮ ಮನೆಗಳನ್ನು ಕಟ್ಟಿದವರಿಗೆ ತಿಳಿದಿತ್ತು.

ಸೆಕೆಗೆ ಕಟ್ಟಿದ ಮನೆ

ಹಾಲಕ್ಕಿ ಒಕ್ಕಲಿಗರ ಹಳೆಯ ಮನೆಯನ್ನು ಗಮನಿಸಿ. ಮಣ್ಣಿನ ದಪ್ಪ ಗೋಡೆ, ಹುಲ್ಲಿನ ಅಥವಾ ಸೋಗೆಯ ಹೊದಿಕೆ, ತಲೆ ಬಗ್ಗಿಸಿ ಹೋಗುವಷ್ಟು ತಗ್ಗಿದ ಮಾಡು, ಸೆಗಣಿ ಸಾರಿಸಿದ ನೆಲ. ತಗ್ಗಿದ ಮಾಡು ಬಡತನದ ಗುರುತು ಎಂದು ಪೇಟೆಯವರು ತಿಳಿಯುತ್ತಾರೆ. ಅದು ಬಿಸಿಲು ಗೋಡೆಗೆ ಬೀಳದ ಹಾಗೆ, ಮಳೆಗಾಲದಲ್ಲಿ ಇರಚಲು ಹೊಡೆಯದ ಹಾಗೆ ಮಾಡಿದ ಉಪಾಯ. ಗೋಡೆಯ ಮಣ್ಣು ಹಗಲಿನ ಬಿಸಿಯನ್ನು ತಡವಾಗಿ ಒಳಗೆ ಬಿಡುತ್ತದೆ. ಹುಲ್ಲಿನ ಸಂದಿನಿಂದ ಬಿಸಿಗಾಳಿ ಮೇಲೆ ಹೋಗುತ್ತದೆ.

ಕೊಯ್ಲು ಮುಗಿಯುತ್ತಿದ್ದಂತೆ ಅಂಗಳ ಮಾಡುವ ಕೆಲಸ. ನೆಲ ಕೆತ್ತಿ, ನೀರು ಹೊಯ್ದು, ಬಡಿದು, ಸೆಗಣಿ ಸಾರಿಸಿದರೆ ಮುಂದಿನ ಮಳೆಯವರೆಗೆ ಅದೇ ಮನೆಯ ದೊಡ್ಡ ಕೋಣೆ. ಅದರ ಮೇಲೆ ತೆಂಗಿನ ಮಡಲಿನ ಚಪ್ಪರ. ಬೇಸಿಗೆಯ ರಾತ್ರಿ ಮಲಗುವುದು, ಮದುವೆಯ ಊಟ, ಭತ್ತ ಒಣಗಿಸುವುದು, ಫಾಲ್ಗುಣದ ಸುಗ್ಗಿ ಕುಣಿತ ಎಲ್ಲವೂ ಅಲ್ಲೇ. ಒಂದು ಕೊಪ್ಪದ ಅಂಗಳಗಳನ್ನು ಎಣಿಸಿದರೆ ಎಷ್ಟು ಒಲೆಗಳಿವೆ ಎಂದು ತಿಳಿಯುತ್ತಿತ್ತು.

ಇಂದು ಈ ಮನೆಗಳ ಜಾಗದಲ್ಲಿ ತಗಡಿನ ಶೀಟು, ಸಿಮೆಂಟು ಶೀಟು, ತಾರಸಿ ಬಂದಿವೆ. ಪ್ರತಿ ವರ್ಷ ಹುಲ್ಲು ಹೊದಿಸಲು ಹುಲ್ಲೂ ಇಲ್ಲ, ಆಳೂ ಇಲ್ಲ. ಬೆಂಕಿಯ ಹೆದರಿಕೆಯೂ ಇತ್ತು. ಆ ಬದಲಾವಣೆಯನ್ನು ತಪ್ಪು ಎನ್ನಲಾಗದು. ಆದರೆ ಮಧ್ಯಾಹ್ನ ಮೂರಕ್ಕೆ ತಗಡಿನ ಕೆಳಗೆ ತೊಟ್ಟಿಲಲ್ಲಿ ಮಲಗಿದ ಕೂಸಿನ ಸ್ಥಿತಿ ಏನೆಂದು ಆ ಮನೆಯ ತಾಯಿಗೆ ಗೊತ್ತು.

ಬೇಸಿಗೆಯ ಒಂದು ದಿನ

ಬೇಸಿಗೆ ಎಂದರೆ ರಜೆ ಎಂಬುದು ಶಾಲೆ ಬಂದ ಮೇಲಿನ ಮಾತು. ಕಾಡಂಚಿನ ಮನೆಗೆ ಅದು ಮಳೆಗಾಲದ ನಾಲ್ಕು ತಿಂಗಳ ಬದುಕನ್ನು ಕೂಡಿಡುವ ಕಾಲ.

ಬೆಳಕು ಹರಿಯುವ ಮುಂಚೆ ಹೆಂಗಸರು ಗುಡ್ಡಕ್ಕೆ. ಫೆಬ್ರುವರಿಯಿಂದ ಕಾಡಿನಲ್ಲಿ ಎಲೆ ಉದುರುತ್ತದೆ. ಆ ದರಕು ಗುಡಿಸಿ, ಹೊರೆ ಕಟ್ಟಿ, ತಲೆಯ ಮೇಲೆ ತಂದು ಕೊಟ್ಟಿಗೆಗೆ ಹಾಕಬೇಕು. ದನದ ಸೆಗಣಿ, ಗಂಜಲ ಸೇರಿ ಅದು ಗೊಬ್ಬರವಾಗುತ್ತದೆ, ಗೊಬ್ಬರ ಗದ್ದೆಗೆ ಹೋಗುತ್ತದೆ. ದರಕು ಎತ್ತಿದ ಗುಡ್ಡಕ್ಕೆ ಬೆಂಕಿ ಬಿದ್ದರೂ ಅದು ಹೆಚ್ಚು ಉರಿಯುವುದಿಲ್ಲ. ಹತ್ತು ಗಂಟೆಯ ಒಳಗೆ ಮನೆಗೆ ಬರಬೇಕು. ನಡುಹಗಲಿನಲ್ಲಿ ಬಿಸಿಲಿಗೆ ಬೀಳಬಾರದು ಎಂದು ಈಗ ಆರೋಗ್ಯ ಇಲಾಖೆ ಪ್ರತಿ ಬೇಸಿಗೆಯಲ್ಲಿ ಹೇಳುತ್ತದೆ. ನಮ್ಮ ಅಜ್ಜಿಯರು ಬೆಳಿಗ್ಗೆ ಮತ್ತು ಇಳಿಹೊತ್ತು ಎಂದು ದಿನವನ್ನೇ ಎರಡು ಭಾಗ ಮಾಡಿಕೊಂಡಿದ್ದರು.

ನಡುಹಗಲಿಗೆ ನೆರಳಿನ ಕೆಲಸ. ಚಾಪೆ ಹೆಣೆಯುವುದು, ಮಡಲು ನೇಯುವುದು, ಹುಣಸೆ ಬಿಡಿಸುವುದು, ಮುರುಗಲ ಸಿಪ್ಪೆ ಒಣಗಿಸುವುದು, ಹಲಸಿನ ಹಪ್ಪಳ ತಟ್ಟುವುದು. ಕುಡಿಯಲು ರಾಗಿ ಅಂಬಲಿ, ಗಂಜಿ ತಿಳಿ, ಮುರುಗಲ ಪಾನಕ. ಉಪ್ಪು, ನೀರು, ಹುಳಿ ಮೂರೂ ಒಟ್ಟಿಗೆ ಹೊಟ್ಟೆಗೆ ಹೋಗುವ ಈ ಕ್ರಮ ಬೆವರಿ ಬಂದವರಿಗೆ ಬೇಕಾದದ್ದೇ.

ಹೊಳೆ, ಹಳ್ಳದ ದಂಡೆಯಲ್ಲಿ ಗದ್ದೆ ಇದ್ದವರು ಬೇಸಿಗೆಯಲ್ಲಿ ಅದನ್ನೇ ತರಕಾರಿ ತೋಟ ಮಾಡುತ್ತಿದ್ದರು. ಏತ ಹೂಡಿ, ಕೊಡ ಹೊತ್ತು, ಹರಿವೆ, ಬಸಳೆ, ಮೆಣಸು, ಗೆಣಸು, ಕಲ್ಲಂಗಡಿ. ಹಳ್ಳಕ್ಕೆ ಊರವರು ಸೇರಿ ಕಲ್ಲು, ಮಣ್ಣು, ಸೊಪ್ಪಿನ ಒಡ್ಡು ಕಟ್ಟುವುದು ಪ್ರತಿ ವರ್ಷದ ಕೆಲಸ. ಮಳೆ ಬಂದರೆ ಅದು ಕೊಚ್ಚಿ ಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ಯಾವ ಮನೆಯವರು ಯಾವ ಕಡೆ ಕಲ್ಲು ಹಾಕಬೇಕು ಎಂಬುದು ಕೂಡ ತಲೆತಲಾಂತರದ ಕಟ್ಟಳೆ.

ಸಮುದ್ರದ ಕಡೆಯವರಿಗೆ ಇದು ಮೀನು ಒಣಗಿಸುವ ಕಾಲ. ಒಣ ಶೆಟ್ಲಿ, ಒಣ ಬಂಗಡೆ ಇಲ್ಲದೆ ಜೂನ್–ಜುಲೈ ಕಳೆಯುವುದು ಹೇಗೆ? ಗುಡ್ಡದ ಕಡೆಯವರ ಕಟ್ಟಿಗೆ, ಸೊಪ್ಪು, ತರಕಾರಿ ಪೇಟೆಗೆ ಇಳಿಯುತ್ತಿತ್ತು. ಪೇಟೆಯಿಂದ ಒಣಮೀನು, ಉಪ್ಪು ಗುಡ್ಡ ಹತ್ತುತ್ತಿತ್ತು.

ಮಾವಿನ ಮಾತು ಬೇರೆಯೇ ಹೇಳಬೇಕು. ಅಂಕೋಲೆಯ ಇಶಾಡು ಮಾವು, ಅದರಲ್ಲೂ ಕರಿ ಇಶಾಡು, ತೆಳು ಸಿಪ್ಪೆಯ, ಹೆಚ್ಚು ರಸದ ಹಣ್ಣು. 2023ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಬುಟ್ಟಿ ಹೊತ್ತು ರಸ್ತೆ ಬದಿಗೆ ಕುಳಿತು ಅದನ್ನು ಮಾರಿ, ಮಕ್ಕಳ ಪುಸ್ತಕ, ಮಳೆಗಾಲದ ಅಕ್ಕಿ ಹೊಂದಿಸಿದವರು ಹಾಲಕ್ಕಿ ಹೆಂಗಸರು. ಒಂದು ದೊಡ್ಡ ಇಶಾಡು ಮರ ಕಂಡರೆ ನೆನಪಿಡಿ: ಅದನ್ನು ನೆಟ್ಟವರು, ನೀರು ಹೊಯ್ದವರು, ದನ ತಿನ್ನದ ಹಾಗೆ ಕಾದವರು ಅಲ್ಲೇ ಹತ್ತಿರದಲ್ಲಿ ಬದುಕಿದ್ದರು.

ನೀರಿಗೆ ಬರುವವರು

ಬೇಸಿಗೆಯಲ್ಲಿ ಕಾಡಿನ ಗುಂಡಿ, ಹಳ್ಳ ಬತ್ತಿದಾಗ ಬಾಯಾರುವುದು ಮನುಷ್ಯರಿಗೆ ಮಾತ್ರವಲ್ಲ. ಕಾಡುಹಂದಿ ತೋಟದ ಕೆಸರಿಗೆ ಬರುತ್ತದೆ. ಕಾಡುಕೋಣ ಹಳ್ಳದ ಮಡುವಿಗೆ ಇಳಿಯುತ್ತದೆ. ಗೇರುಹಣ್ಣಿಗೆ, ಮಾವಿಗೆ, ಹಲಸಿಗೆ ಮಂಗ, ಮುಸ್ಯ, ಬಾವಲಿ, ಕರಡಿ ಪಾಲುದಾರರು. ತಂಪು ಹುಡುಕಿ ಹಾವು ಕೊಟ್ಟಿಗೆಗೆ, ಕೊಡದ ಅಡಿಗೆ, ಕಟ್ಟಿಗೆ ರಾಶಿಗೆ ಸೇರುತ್ತದೆ. ದನದ ಹಿಂದೆ ಹುಲಿ, ನಾಯಿಯ ಹಿಂದೆ ಚಿರತೆ.

ಇವರ ಜೊತೆ ಬದುಕಲು ಮನೆಗಳು ಕಟ್ಟಳೆ ಮಾಡಿಕೊಂಡಿದ್ದವು. ರಾತ್ರಿ ಹಾವನ್ನು ಹಾವು ಎನ್ನಬಾರದು, ಹುಳ ಎನ್ನಬೇಕು. ಮುಸ್ಸಂಜೆಗೆ ಮಕ್ಕಳು ಹಳ್ಳದ ಕಡೆ ಹೋಗಬಾರದು, ಏಕೆಂದರೆ ಅದು ಪ್ರಾಣಿಗಳು ನೀರಿಗೆ ಬರುವ ಹೊತ್ತು. ದನ ಮೇಯಿಸುವವರು ಒಬ್ಬರೇ ಹೋಗಬಾರದು. ಬೆಳೆ ಇದ್ದಾಗ ಗಂಡಸರು ಗದ್ದೆಯ ಮಾಳದಲ್ಲಿ ರಾತ್ರಿ ಕಾಯಬೇಕು, ಡಬ್ಬಿ ಬಡಿಯಬೇಕು, ಕೂಗು ಹಾಕಬೇಕು. ಒಂದು ಮಾಳದ ಕೂಗಿಗೆ ಇನ್ನೊಂದು ಮಾಳದವರು ಓಗೊಡಬೇಕು. ಓಗೊಡದಿದ್ದರೆ ದೊಂದಿ ಹಿಡಿದು ನೋಡಲು ಹೋಗಬೇಕು.

ಇವನ್ನು ಮೂಢನಂಬಿಕೆ ಎಂದು ಒಟ್ಟಿಗೆ ಬದಿಗೆ ತಳ್ಳುವುದು ಸುಲಭ. ಒಂದೊಂದನ್ನೇ ಬಿಡಿಸಿ ನೋಡಿದರೆ ಅರ್ಧಕ್ಕೂ ಹೆಚ್ಚು ಜೀವ ಉಳಿಸುವ ನಿಯಮಗಳು.

ಹುಲಿಗೆ ನಮ್ಮ ಜಿಲ್ಲೆಯಲ್ಲಿ ದೇವರ ಸ್ಥಾನವಿದೆ. ಹುಲಿದೇವರು, ಹುಲಿಯಪ್ಪ ಎಂದು ಕಾಡಿನ ಅಂಚಿನಲ್ಲಿ ಒಂದು ಕಲ್ಲು ಇರುತ್ತದೆ. ದೀಪಾವಳಿಯ ಹೊತ್ತಿಗೆ ದನಗಳಿಗೆ ಪೂಜೆ ಮಾಡುವಾಗ ಅಲ್ಲಿಗೂ ಕಾಯಿ ಹೋಗುತ್ತದೆ. ಕೇಳಿಕೊಳ್ಳುವುದು ಇಷ್ಟೇ: ನಮ್ಮ ದನ ಕಾಯಿ. ಹುಲಿ ಸಾಯಲಿ ಎಂದು ಅಲ್ಲಿ ಯಾರೂ ಕೇಳಿಕೊಳ್ಳುವುದಿಲ್ಲ. ದನ ತಿನ್ನುವ ಪ್ರಾಣಿಯನ್ನೇ ದನ ಕಾಯುವ ದೇವರಾಗಿ ಮಾಡಿಕೊಂಡ ಜನ ನಾವು.

ಬ್ರಿಟಿಷರ ಲೆಕ್ಕ ಬೇರೆ ಇತ್ತು. ಅವರ ಕಾಲದಲ್ಲಿ ಹುಲಿ, ಚಿರತೆ ಕೊಂದವರಿಗೆ ಸರ್ಕಾರದಿಂದ ಇನಾಮು. ಸಾಹೇಬರಿಗೆ ಬೇಟೆ ಶೋಕಿಯೂ ಆಗಿತ್ತು. ಬೇಟೆಗೆ ಕಡಿವಾಣ ಹಾಕಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಇನಾಮು ಕೊಟ್ಟು ಕೊಲ್ಲಿಸಿದ್ದೂ ಸರ್ಕಾರ, ಕೊಂದರೆ ಜೈಲು ಎಂದಿದ್ದೂ ಸರ್ಕಾರ. ಎರಡೂ ಕಾಲದಲ್ಲಿ ಹುಲಿಯ ಜೊತೆ ರಾತ್ರಿ ಕಳೆದದ್ದು ಮಾತ್ರ ಇದೇ ಮನೆಗಳು.

ಆಫ್ರಿಕಾದಿಂದ ಬಂದು ಇಲ್ಲಿಯವರಾದವರು

ಸುಡುವ ಬೇಸಿಗೆ, ಮನೆಯ ಸುತ್ತ ಕಾಡುಪ್ರಾಣಿ ಎಂದ ಕೂಡಲೇ ಟಿ.ವಿ. ನೋಡಿದ ಮಕ್ಕಳು ಆಫ್ರಿಕಾ ಎನ್ನುತ್ತಾರೆ. ಆಫ್ರಿಕಾದ ನಂಟು ನಮ್ಮ ಜಿಲ್ಲೆಗೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಶಿರಸಿ, ಜೊಯಿಡಾ ಜೊತೆಗೆ ಅಂಕೋಲಾ ತಾಲೂಕಿನ ಘಟ್ಟದ ಕಡೆಯಲ್ಲೂ ಇರುವ ಸಿದ್ದಿಯರ ಹಿರಿಯರು ಆಫ್ರಿಕಾದವರು. 16ನೇ ಶತಮಾನದಿಂದ ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಜನರನ್ನು ಗುಲಾಮರಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಗಡಿ ದಾಟಿ ಈ ಕಾಡು ಸೇರಿದರು.

ಇದನ್ನು ಒಂದು ಕ್ಷಣ ಯೋಚಿಸಿ. ಬೆನ್ನಟ್ಟುವ ಮನುಷ್ಯನಿಗಿಂತ ಹುಲಿ ಇರುವ ಕಾಡೇ ವಾಸಿ ಎಂದು ಬಂದವರು ಅವರು. ಮರ, ಸೊಪ್ಪು, ಜೇನು, ಮಳೆ ಎಲ್ಲವೂ ಹೊಸದು. ಕೆಲವೇ ತಲೆಮಾರಿನಲ್ಲಿ ಈ ಕಾಡು ಅವರದೇ ಆಯಿತು. ಕನ್ನಡ, ಕೊಂಕಣಿ, ಮರಾಠಿ ಕಲಿತರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದಲ್ಲಿ ಸೇರಿಹೋದರೂ ಹಿರಿಯರ ಪೂಜೆ ಮತ್ತು ಡಮಾಮಿ ವಾದ್ಯ ಉಳಿಸಿಕೊಂಡರು.

ಆಫ್ರಿಕಾದ ಹಳ್ಳಿಗಳಲ್ಲೂ ಇಂದಿಗೂ ಇದೇ ಲೆಕ್ಕಾಚಾರ. ಕೀನ್ಯಾ, ತಾಂಜಾನಿಯಾದ ಮಸಾಯಿ ಜನ ರಾತ್ರಿ ದನಗಳನ್ನು ಮುಳ್ಳಿನ ಬೇಲಿಯ ದೊಡ್ಡಿಯೊಳಗೆ ಕೂಡುತ್ತಾರೆ, ಸಿಂಹ ಬರಬಾರದೆಂದು. ಆನೆ ಬರುವ ಹೊಲಗಳ ಸುತ್ತ ಜೇನುಪೆಟ್ಟಿಗೆ ತೂಗುಹಾಕುವ ಪದ್ಧತಿ ಕೀನ್ಯಾದಲ್ಲಿ ಬಳಕೆಗೆ ಬಂದಿದೆ. ಆನೆಗೆ ಜೇನೆಂದರೆ ಭಯ, ರೈತನಿಗೆ ಬೆಳೆಯೂ ಉಳಿಯಿತು, ತುಪ್ಪವೂ ಸಿಕ್ಕಿತು. ಅಂಕೋಲೆಯ ಮುಳ್ಳುಬೇಲಿಯ ಕೊಟ್ಟಿಗೆಗೂ ಅಲ್ಲಿಯ ದೊಡ್ಡಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಪ್ರಾಣಿಯನ್ನು ಕೊಲ್ಲದೆ, ತಾನೂ ಸಾಯದೆ ಒಂದು ರಾತ್ರಿ ಕಳೆಯುವ ವಿದ್ಯೆ ಇದು.

ಕಾಡಿಗೆ ಗಡಿ ಹಾಕಿದ ಮೇಲೆ

1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಕಾರವಾರ ಜಿಲ್ಲೆಯ ಮುಖ್ಯಸ್ಥಳವಾಯಿತು. ಸರ್ಕಾರಕ್ಕೆ ಇಲ್ಲಿ ಬೇಕಾಗಿದ್ದದ್ದು ಬಂದರು ಮತ್ತು ಮರ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡಿಗೆ ಗಡಿ ಬಿತ್ತು. ಅಲ್ಲಿಯವರೆಗೆ ಊರಿನದಾಗಿದ್ದ ಸೊಪ್ಪು, ದರಕು, ಹುಲ್ಲು, ಕಟ್ಟಿಗೆ ಅನುಮತಿಯ ವಸ್ತುವಾಯಿತು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು.

ಬೇಸಿಗೆ ಬಂದರೆ ಗುಡ್ಡಕ್ಕೆ ಹೋಗುವುದು ತಪ್ಪಲಿಲ್ಲ. ಆದರೆ ಈಗ ಹುಲಿಯ ಜೊತೆ ಗಾರ್ಡಿನ ಭಯವೂ ಸೇರಿಕೊಂಡಿತು. ಜನರ ದೂರು ಎಷ್ಟು ಬೆಳೆಯಿತೆಂದರೆ 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಕರಾವಳಿ ತಾಲೂಕುಗಳ ಅರಣ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಡಬೇಕಾಯಿತು. ಊರ ಹತ್ತಿರದ ಕಾಡನ್ನು ಊರವರೇ ನೋಡಿಕೊಳ್ಳುವ ಗ್ರಾಮ ಅರಣ್ಯದ ಏರ್ಪಾಡು ಅದರ ಬೆನ್ನಿಗೆ ಬಂತು. ಕುಮಟಾ ತಾಲೂಕಿನ ಹಳಕಾರದಲ್ಲಿ ಅಂಥ ಗ್ರಾಮ ಅರಣ್ಯ ಊರವರ ಕಾವಲಿನಲ್ಲಿ ಉಳಿದುಬಂದ ಮಾದರಿ.

ಸ್ವಾತಂತ್ರ್ಯದ ನಂತರ ಕಾಡಿನ ಗಡಿಗಳು ಇನ್ನೂ ಬಿಗಿಯಾದವು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ದಾಂಡೇಲಿ–ಅಣಶಿ ಹುಲಿ ರಕ್ಷಿತಾರಣ್ಯ, 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು. ಹುಲಿ ಉಳಿಯಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಹುಲಿ ಇದೆ ಎಂದು ತೋರಿಸಲು ಹೆಜ್ಜೆ, ಹಿಕ್ಕೆ, ಮರದ ಮೇಲಿನ ಪರಚು ಸಾಕಾಗುತ್ತದೆ. ಅದೇ ಕಾಡಂಚಿನ ಮನುಷ್ಯ ಇದ್ದ ಎಂದು ತೋರಿಸಲು ಕಾಗದವೇ ಬೇಕು ಎನ್ನುವುದು ಯಾವ ನ್ಯಾಯ?

ಬೇಸಿಗೆಯ ಕಾಡು ಇನ್ನೊಂದು ಭಯವನ್ನೂ ತಂದಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಗೂ ಬಂತು. ಮಂಗ ಸತ್ತು ಬಿದ್ದಲ್ಲಿ ಉಣುಗು ಹರಡುತ್ತದೆ. ದರಕಿಗೆ, ಕಟ್ಟಿಗೆಗೆ ಹೋದವರನ್ನು ಅದು ಕಚ್ಚುತ್ತದೆ. ಮಳೆ ನಿಂತ ಮೇಲಿನ ಒಣ ತಿಂಗಳುಗಳೇ ಅದರ ಕಾಲ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕು ಅದರಿಂದ ನರಳಿತು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಕಾಡಿಗೆ ಹೋಗುವಾಗ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಜ್ವರ ಬಂದರೆ ಮನೆಯಲ್ಲಿ ಮಲಗಿ ಕಾಯಬೇಡಿ.

ಅಕ್ಷರ ಇಲ್ಲದ ದಾಖಲೆ

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಸಣ್ಣವರಿರುವಾಗಲೇ ತಂದೆ ತೀರಿಕೊಂಡು, ತಾಯಿಯ ಜೊತೆ ಅರಣ್ಯ ಇಲಾಖೆಯ ಸಸಿಪಾಲನೆಯಲ್ಲಿ ದಿನಗೂಲಿಗೆ ಸೇರಿದರು. ಕೂಲಿಯಾಗಿ ಕೆಲಸ ಮಾಡಿದ್ದು ಸುಮಾರು 35 ವರ್ಷ, ಆಮೇಲೆ ಖಾಯಂ ಆದರು. ಯಾವ ಮರದ ಬೀಜ ಯಾವಾಗ ಬಲಿಯುತ್ತದೆ, ಯಾವ ತಾಯಿಮರದಿಂದ ತೆಗೆದ ಬೀಜ ಚೆನ್ನಾಗಿ ಮೊಳೆಯುತ್ತದೆ ಎಂಬುದನ್ನು ಅವರು ಪುಸ್ತಕ ಇಲ್ಲದೆ ಹೇಳುತ್ತಿದ್ದರು. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂತು. 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಪದ್ಮಶ್ರೀ ಪಡೆದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು.

ಬಡಗೇರಿಯ ಸುಕ್ರಿ ಬೊಮ್ಮಗೌಡ ಸಾವಿರಾರು ಹಾಲಕ್ಕಿ ಹಾಡುಗಳನ್ನು ತಲೆಯಲ್ಲೇ ಇಟ್ಟುಕೊಂಡವರು. ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಒಗ್ಗೂಡಿಸಿದವರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿ 13ರಂದು ಅವರೂ ಹೋದರು.

ಎರಡೇ ತಿಂಗಳ ಅಂತರದಲ್ಲಿ ಒಂದೇ ತಾಲೂಕಿನ, ಒಂದೇ ಸಮುದಾಯದ ಎರಡು ದೊಡ್ಡ ನೆನಪಿನ ಭಂಡಾರ ಮುಚ್ಚಿತು. ಬರೆಯಲು ಬಾರದವರ ತಿಳಿವಳಿಕೆಗೆ ದೇಶವೇ ಪದ್ಮಶ್ರೀ ಕೊಟ್ಟು ಗೌರವಿಸಿತು. ಹಾಗಿದ್ದ ಮೇಲೆ ಅವರ ಓರಗೆಯವರ ನೆನಪು ಸಾಕ್ಷಿಯಾಗುವುದಿಲ್ಲವೇ? ಆಗುತ್ತದೆ. ಕಾನೂನೇ ಹಾಗೆ ಹೇಳುತ್ತದೆ.

1930 ಎಂಬ ಗೆರೆ

ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮುಂಚೆ ಕಾಡನ್ನು ನಂಬಿ ಅಲ್ಲಿ ವಾಸವಿದ್ದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ತೋರಿಸಬೇಕು.

ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಾಲಕ್ಕಿಗಳ ಬೇಡಿಕೆ ಬೇಡಿಕೆಯಾಗಿಯೇ ಇದೆ. ಹಾಗಾಗಿ ಒಂದೇ ಹಳ್ಳದ ನೀರು ಕುಡಿದ, ಒಂದೇ ಹುಲಿಗೆ ಹೆದರಿದ ಎರಡು ಮನೆಗಳಿಗೆ ಎರಡು ಅಳತೆ. ಹಾಲಕ್ಕಿಗಳ ಜೊತೆ ಈ ಅಂಚಿನಲ್ಲಿರುವ ಇತರ ಎಷ್ಟೋ ಸಮುದಾಯಗಳದ್ದೂ ಇದೇ ಕಥೆ.

2005ರ ಡಿಸೆಂಬರ್ 13ರಿಂದ 75 ವರ್ಷ ಹಿಂದೆ ಹೋದರೆ ಸಿಗುವುದು 1930ರ ಡಿಸೆಂಬರ್. ಆ ವರ್ಷ ನಮಗೆ ಅಪರಿಚಿತವಲ್ಲ. 1930ರ ಏಪ್ರಿಲ್ 13ರಂದು, ಸುಡುವ ಬೇಸಿಗೆಯಲ್ಲಿ, ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ನಂತರದ ಕರನಿರಾಕರಣೆಯಲ್ಲಿ ಇಲ್ಲಿಯ ರೈತರು ಜಮೀನು, ಮನೆ ಕಳೆದುಕೊಂಡರು. ಅಂದರೆ ಕಾನೂನು ಕೇಳುವ ಪ್ರಶ್ನೆಯನ್ನು ನಮ್ಮ ಭಾಷೆಯಲ್ಲಿ ಹೀಗೆ ಕೇಳಬಹುದು: ಅಂಕೋಲೆಯಲ್ಲಿ ಉಪ್ಪು ಮಾಡಿದ ಕಾಲದಲ್ಲಿ ನಿಮ್ಮ ಹಿರಿಯರು ಎಲ್ಲಿದ್ದರು? ಈ ಪ್ರಶ್ನೆಗೆ ಕೊಪ್ಪದ ಅಜ್ಜಿ ಉತ್ತರ ಕೊಡಬಲ್ಲಳು.

ಮತ್ತೊಂದು ಮಾತು. 75 ವರ್ಷ ಎಂದರೆ ಕಾಡನ್ನು ಅವಲಂಬಿಸಿ ಅಲ್ಲಿ ವಾಸವಿದ್ದ ಅವಧಿ. ಈಗ ಉಳುತ್ತಿರುವ ಅದೇ ತುಂಡು ಭೂಮಿ 75 ವರ್ಷದಿಂದ ಕೈಯಲ್ಲಿರಬೇಕು ಎಂದಲ್ಲ ಎಂದು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದೆ.

ಸಾಕ್ಷಿ ಯಾವುದು ಎಂಬುದನ್ನು ಕಾಯ್ದೆಯ ನಿಯಮ 13 ಹೇಳುತ್ತದೆ. ಅದರಲ್ಲಿ ಇವೆಲ್ಲ ಸೇರಿವೆ:

– ಗೆಜೆಟಿಯರ್, ಜನಗಣತಿ, ಸರ್ವೆ ವರದಿ, ನಕ್ಷೆಯಂಥ ಸರ್ಕಾರಿ ದಾಖಲೆ
– ಮತದಾರರ ಚೀಟಿ, ರೇಷನ್ ಕಾರ್ಡು, ಮನೆ ತೆರಿಗೆ ರಸೀದಿ
– ಮನೆ, ಗುಡಿಸಲು, ನೆಲ ಸಮ ಮಾಡಿದ್ದು, ಕಟ್ಟಿದ ಒಡ್ಡು
– ಹಳೆಯ ಬಾವಿ, ಸ್ಮಶಾನ, ದೇವರ ಸ್ಥಳ
– ವಂಶಾವಳಿ
– ಅರ್ಜಿದಾರರಲ್ಲದ ಹಿರಿಯರ ಹೇಳಿಕೆ, ಬರಹದಲ್ಲಿ

ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷಿ ಇರಬೇಕು. ಇಂಥದ್ದೇ ಕಾಗದ ಬೇಕು ಎಂದು ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಹೇಳಿದೆ.

ಈ ಪಟ್ಟಿಯನ್ನು ಮತ್ತೆ ಓದಿ. ಒಡ್ಡು ಎಂದರೆ ಬೇಸಿಗೆಯ ಹಳ್ಳಕ್ಕೆ ಕಟ್ಟಿದ ಒಡ್ಡು. ಬಾವಿ ಎಂದರೆ ಬರದ ವರ್ಷ ಅಜ್ಜ ತೋಡಿದ ಬಾವಿ. ದೇವರ ಸ್ಥಳ ಎಂದರೆ ಹುಲಿದೇವರ ಕಲ್ಲು. ಗೆಜೆಟಿಯರ್ ಎಂದರೆ 1883ರಲ್ಲಿ ಮುಂಬೈ ಸರ್ಕಾರ ಪ್ರಕಟಿಸಿದ ಕೆನರಾ ಜಿಲ್ಲೆಯ ಗೆಜೆಟಿಯರ್; ಹಾಲಕ್ಕಿಗಳ ಬಗ್ಗೆಯೂ ಸಿದ್ದಿಯರ ಬಗ್ಗೆಯೂ ಅದರಲ್ಲಿ ವಿವರಣೆ ಇದೆ. ಅಜ್ಜಿ ಕಟ್ಟಿಗೆ ತಂದಿದ್ದಕ್ಕೆ ಕಟ್ಟಿದ ದಂಡದ ಹಳೆಯ ರಸೀದಿ ಪೆಟ್ಟಿಗೆಯ ಅಡಿಯಲ್ಲಿ ಇದ್ದರೆ ಬಿಸಾಡಬೇಡಿ. ಅಂದು ಅವಳಿಗೆ ಅದು ಅವಮಾನ. ಇಂದು ಅದೇ, ಅವಳು ಅಲ್ಲಿದ್ದಳು ಎಂದು ಸರ್ಕಾರವೇ ಬರೆದುಕೊಟ್ಟ ಚೀಟಿ.

ಇದು ಹೊಸ ಮಾತೂ ಅಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಭೂನ್ಯಾಯ ಮಂಡಳಿಗಳ ಮುಂದೆ ನಿಂತಾಗ ಎಷ್ಟೋ ಜನರ ಕೈಯಲ್ಲಿ ಗೇಣಿಚೀಟಿ ಇರಲಿಲ್ಲ. ನೆರೆಹೊರೆಯವರು ಬಂದು ಸಾಕ್ಷಿ ಹೇಳಿದರು. ಅದಕ್ಕೂ ಮೊದಲೇ ದಿನಕರ ದೇಸಾಯಿಯವರು ಅಂಕೋಲೆಯ ಒಕ್ಕಲುಗಳನ್ನು ಒಗ್ಗೂಡಿಸಿ ಬಾಯಿ ತೆರೆದು ಮಾತಾಡಲು ಕಲಿಸಿದ್ದರು.

ಈ ಬೇಸಿಗೆಯ ಕೆಲಸ

2019ರ ಫೆಬ್ರುವರಿಯಲ್ಲಿ, ತಿರಸ್ಕೃತ ಅರ್ಜಿದಾರರನ್ನು ತೆರವು ಮಾಡುವ ಸುಪ್ರೀಂ ಕೋರ್ಟ್ ಆದೇಶ ಬಂದು, ಎರಡೇ ವಾರದಲ್ಲಿ ಅದಕ್ಕೆ ತಡೆಯೂ ಬಂತು. ಕತ್ತಿ ಕೆಳಗಿಳಿದಿಲ್ಲ, ನೇತಾಡುತ್ತಿದೆ. ಹಾಗಾಗಿ ಸುಮ್ಮನೆ ಕೂರುವ ಕಾಲ ಇದಲ್ಲ.

ಮಳೆ ಬರುವ ಮೊದಲು ಊರಿನ ಅರಣ್ಯ ಹಕ್ಕು ಸಮಿತಿಯವರನ್ನು ಕರೆದು, ಕೊಪ್ಪದ ಗೌಡರು, ಬುದವಂತರು, ಹಿರಿಯ ಹೆಂಗಸರನ್ನು ಒಂದು ಅಂಗಳದಲ್ಲಿ ಕೂರಿಸಿ. ಬಾವಿ ತೋಡಿದ್ದು ಯಾರು, ಆ ಮಾವು ನೆಟ್ಟಿದ್ದು ಯಾರು, ಹುಲಿ ದನ ಎಳೆದ ವರ್ಷ ಮನೆಯಲ್ಲಿ ಯಾರ್ಯಾರು ಇದ್ದರು, ಯಾರ ಮದುವೆ ಆಗಿತ್ತು, ಯಾರು ಹುಟ್ಟಿರಲಿಲ್ಲ, ಎಲ್ಲ ಕೇಳಿ. ಕೈಯಲ್ಲಿರುವ ಫೋನಿನಲ್ಲೇ ಮುದ್ರಿಸಿಕೊಳ್ಳಿ, ಆದರೆ ಅಷ್ಟಕ್ಕೇ ಬಿಡಬೇಡಿ. ಕಾಗದದ ಮೇಲೆ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ. ಬಾವಿಯ, ಒಡ್ಡಿನ, ದೇವರ ಕಲ್ಲಿನ ಫೋಟೋ ತೆಗೆಯಿರಿ. ಪಕ್ಕದಲ್ಲಿ ಊರವರೊಬ್ಬರು ನಿಂತಿರಲಿ.

ವಯಸ್ಸಾದವರಿಗೆ ಇಲ್ಲಿಯ ಸೆಕೆ ತಡೆಯುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಒಂದೊಂದು ಬೇಸಿಗೆ ಕಳೆದ ಹಾಗೆ 1930ರ ಮಾತನ್ನು ತಮ್ಮ ಹಿರಿಯರ ಬಾಯಲ್ಲಿ ಕೇಳಿದವರು ಕಡಿಮೆಯಾಗುತ್ತಿದ್ದಾರೆ. ಇಳಿಹೊತ್ತಿಗೆ ಗಾಳಿ ಬೀಸಿದ ಮೇಲೆ ಕೇಳಲು ಶುರು ಮಾಡಿ. ಕುಡಿಯಲು ಅವರಿಗೆ ಒಂದು ಲೋಟ ಅಂಬಲಿ ಕೊಡುವುದನ್ನು ಮರೆಯಬೇಡಿ.